ಬಾಂದುಗಲ್ಲಿಲ್ಲದ ಪಟ್ಟಿ

ಕ್ಯಾಂಪಿನ ಇನಾಸ ಮಾಸ್ತರ ಇಕ್ಕಳ ಹಿಡದು
ಬೇಸ್ ಗಿಟಾರಿನ ಫ್ರೆಟ್ಟು ಒಂದೊಂದೇ ಕಿತ್ತ.
ಹಲ್ಲು ಕಿತ್ತಂಗ ಸಪ್ಪಳ.
ಕರೀ ಕಟ್ಟಿಗಿ ಮ್ಯಾಲೆ ಇಪ್ಪತ್ತು ಸೀಳು ಉಳದವು.
ಅವಕ್ಕ ಬಿಳೇ ಲಪ್ಪ ತುಂಬಿ, ಉಸುಕಿನ ಕಾಗದ ತಿಕ್ಕಿ,
"ತಗೋ ಸರ್ವೇ ಸಾಹೇಬ, ನಿನ್ನ ಹೊಲ" ಅಂದ.
"ಬಾಂದುಗಲ್ಲು ಒಂದೂ ಇಲ್ಲ."

ನಾ ನಕ್ಕೆ. ಇಪ್ಪತ್ತೆರಡು ವರ್ಷ
ಹಿಂಡಲಗಾ, ಸುಳಗಾ, ಉಚಗಾಂವ ಸುತ್ತ
ಸರಪಳಿ ಎಳಸಿದಾಂವ ನಾನು.
ಹುಗದ ಕಲ್ಲು ಅಗದು ತೋರಿಸಿ
"ಇಲ್ಲೇ ಐತಿ ನೋಡ್ರಿ" ಅಂದರ
ಅಣ್ಣನೂ ಸುಮ್ಮ, ತಮ್ಮನೂ ಸುಮ್ಮ.

ಮೊದಲ ರಾತ್ರಿ, ಕಾಲೇಜಿನ ಗಿಟಾರದ ಚಟ,
ಬೆರಳು ಗೆರಿ ಹಿಂದ ಹೋಗಿ ಕುಂತಿತು.
ಸ್ವರ ಬಂತು, ಆರಿದ ಚಾದಂಗ.
ಇನಾಸ ಫೋನಿನ್ಯಾಗ ಬೈದ:
"ಹಿಂದ ಅಲ್ಲೋ, ಗೆರಿ ಮ್ಯಾಲೆ!
ಫ್ರೆಟ್ಟು ಇದ್ದಾಗ ನಿನ್ನ ತಪ್ಪು ಅದು ಮುಚ್ಚತಿತ್ತು.
ಈಗ ಮುಚ್ಚಾವ್ರು ಯಾರ?"

ಅಡಗಿಮನ್ಯಾಗ ಮಗಳು ಚಂಪಾ
ರೊಟ್ಟಿ ಬಡಿಯೂದು ನಿಲ್ಲಸದ ಹೇಳತಾಳ:
"ಪಪ್ಪಾ, ಕೆಳಗ."
ಸರಿಸತೇನಿ.
"ಈಗ ಮ್ಯಾಲೆ."
ಸರಿಸತೇನಿ.
"ರೊಟ್ಟಿ ಆರತಾವ, ಬಾ."

ಹದಿಮೂರನೇ ದಿನ ಇರಬೇಕು.
ಎರಡನೇ ಗೇಟು ದಾಟಿ ಕಡೀ ಗಾಡಿ ಹೋಗಿ
ಟಿಳಕವಾಡಿ ತಣ್ಣಗಾಗಿತ್ತು. ಲೈಟ್ ಆರಿಸಿದೆ.
ಖುಲ್ಲಾ ತಂತಿ ಒಂದು ಮೀಟಿ ಬಿಟ್ಟೆ, ಗುಂಯ್ ಅನ್ನಲಿ ಅಂತ.
ಬಾಜೂ ದಪ್ಪ ತಂತಿ ಮ್ಯಾಲೆ, ಐದನೇ ಗೆರಿ ಹತ್ರ,
ಅದೇ ಸ್ವರ ಹುಡಿಕ್ಯಾಡಿದೆ.
ಎರಡೂ ಜಗಳಕ್ಕ ಬಿದ್ದವು:
ವಂವ್ವಂವ್ವಂವ್ವಂವ್
ಕೂದಲೆಳಿಯಷ್ಟು ಮುಂದ.
ವಂವ್… ವಂವ್…
ಇನ್ನೊಂದು ಎಳಿ.
ವಂ… ವ್…

ನಿಂತಿತು.
ಎದಿ ಎಲುವಿನ್ಯಾಗ ಒಂದೇ ನೀರು ನಿಂತಂಗ.

ಲೈಟ್ ಹಚ್ಚಿ ನೋಡತೇನಿ,
ಬೆರಳು ಗೆರಿ ಮ್ಯಾಲೂ ಇಲ್ಲ.
ಅದರಾಚೆ, ಒಂದು ಅಕ್ಕಿಕಾಳಿನಷ್ಟು.
ಗೆರಿ ಹಾಕಿದ್ದು ಫ್ಯಾಕ್ಟರಿ.
ಸ್ವರಕ್ಕ ಯಾರೂ ಹೇಳಿರಲಿಲ್ಲ.

ಮರುದಿನ ಉಚಗಾಂವದಾಗ
ಗುದ್ದಲಿ ಕಲ್ಲಿಗೆ ಠಣ್ ಅಂತು.
ಅಣ್ಣ ನನ್ನ ಬಾಯಿ ನೋಡಿದ, ತಮ್ಮ ನಕ್ಷೆ ನೋಡಿದ.
"ಇಲ್ಲೇ ಐತಿ" ಅನ್ನಾಕ ಬಾಯಿ ತಗದಾಂವ ತಡದೆ.
ಬೊಬ್ಬಿ ಎದ್ದ ತೋರಬೆರಳು ಕಲ್ಲಿನ ನೆತ್ತಿ ಮ್ಯಾಲೆ
ತನ್ನಷ್ಟಕ್ಕ ತಾನ ಸ್ವಲ್ಪ ಸರೀತು, ಆಚೆ, ಈಚೆ.

ಬದುವಿನ ಮ್ಯಾಲೆ ಕುಂತ ಅವರವ್ವ ಯಲ್ಲುಬಾಯಿ ಕೇಳಿದಳು,
"ಸಾಹೇಬರ, ಏನ ಕೇಳಾಕ ಹತ್ತೀರಿ ಅದರಾಗ?"

ಏನಿಲ್ಲವ್ವಾ ಅಂದೆ.
ಸರಪಳಿ ಜಗ್ಗು ಅಂದೆ ಹುಡುಗಗ.
ಇನ್ನೊಮ್ಮೆ ಅಳಿಯೂಣು.