ಮಾವನ ಕಥೆ

ನಮ್ಮ ರೊಸಾರಿಯೊದಲ್ಲಿ ಈ ವಿದ್ಯೆಗೆ
ಮಾವನ ಕಥೆ ಅಂತ ಹೆಸರು.
ಯಾವ ಮಾವ, ಯಾರ ಕಡೆಯವನು, ಯಾರೂ ಕೇಳುವುದಿಲ್ಲ.
ಎಲ್ಲೋ ಸತ್ತಿರುತ್ತಾನೆ, ಆಸ್ತಿ ಬಿಟ್ಟಿರುತ್ತಾನೆ,
ಹೋಗಿ ತರಲು ಬಸ್ಸಿನ ಖರ್ಚಿಗಷ್ಟೇ
ನಿಮ್ಮಿಂದ ಚೂರು ಕಾಸು ಬೇಕಿರುತ್ತದೆ.

ಅದು ಹಳೇ ಕಾಲ. ಈಗ ಮಾವ ಸಾಯುವುದಿಲ್ಲ,
ಅಳಿಯನೇ ಫೋನು ಮಾಡುತ್ತಾನೆ
ರಾತ್ರಿ ಹನ್ನೊಂದೂವರೆಗೆ, ನೆಗಡಿ ಹಿಡಿದ ದನಿಯಲ್ಲಿ:
“ಅತ್ತೆ, ನಾನು.”
ಅಷ್ಟೇ. ಹೆಸರು ನಾವು ಹೇಳಬಾರದು.
ಅವರೇ ಹೇಳಬೇಕು.
“ಯಾರು, ಫೆರ್ಮಿನ್ನನಾ?”
ಹೌದು ಅತ್ತೆ, ಫೆರ್ಮಿನ್. ಹಾಸಿಗೆ ಕೆಳಗಿನ ಡಾಲರು
ನಾಳೆಯಿಂದ ನಡೆಯೋದಿಲ್ಲವಂತೆ,
ಬೆಳಿಗ್ಗೆ ಒಬ್ಬಳು ಹುಡುಗಿ ಬರುತ್ತಾಳೆ, ಕೊಟ್ಟುಬಿಡು.

ಎವಾರಿಸ್ತೊ ದನಿಯವನು.
ಮೂಗಿಗೆ ಅವನು ತುಪ್ಪ ಸವರಿದರೆ
ಮೂಗಿನವರೇ ಇನ್ನಷ್ಟು ಕೇಳುತ್ತಾರೆ.
ನಾನು ಕಾಲಿನವಳು.
ಬೂದು ಕೋಟು, ಅಕ್ಕನ ಕನ್ನಡಕ, ಕಂಕುಳಲ್ಲಿ ಕಡತ,
ವಕೀಲರ ಕಚೇರಿಯ ಹುಡುಗಿ.

ಜುಲೈ. ಪರಾನಾ ನದಿಯಿಂದ ಕೊರೆವ ಗಾಳಿ.
ಜಾಲರಿ ಬಾಗಿಲ ಲಿಫ್ಟು ನರಳುತ್ತ ಮೂರನೆಯ ಮಹಡಿಗೆ.
ಸೆನ್ಯೋರಾ ನೆಲಿದಾ ಚಿಲಕ ತೆಗೆದರು,
ತೆಗೆಯುವ ಮುಂಚೆ “ಯಾರು” ಅನ್ನಲಿಲ್ಲ.
ಆಗಲೇ ನನ್ನ ಕಿವಿ ನಿಮಿರಬೇಕಿತ್ತು.

“ಕೂತುಕೋ ಮಗಳೇ, ಚಳಿಯಲ್ಲಿ ಬಂದಿದ್ದೀಯ.”
ಬುರುಡೆಯಲ್ಲಿ ಕಹಿಸೊಪ್ಪು, ಮೇಲೆ ಬಿಸಿನೀರು,
ಒಂದೇ ಕೊಳವೆ: ಅವರೊಮ್ಮೆ, ನಾನೊಮ್ಮೆ.
ಸಾಕಾದಾಗ ಮಾತ್ರ ಥ್ಯಾಂಕ್ಸ್ ಅನ್ನಬೇಕು.
ಮೂರು ಸಲ ಅನ್ನಲು ಹೋಗಿ
ಮೂರು ಸಲವೂ ನುಂಗಿಕೊಂಡೆ.

“ಫೆರ್ಮಿನ್ನನ ಮಂಡಿ ಹೇಗಿದೆ?”
ಪರವಾಗಿಲ್ಲ ಸೆನ್ಯೋರಾ, ಕೋಲು ಬಿಟ್ಟಿದ್ದಾರೆ.
“ಹೆಂಡತಿ ವಾಪಸ್ಸು ಬಂದಳಾ?”
ಈಸ್ಟರಿಗೆ ಬಂದರು.
“ಸದ್ಯ!” ಅಂತ ಸೆರಗಿಲ್ಲದ ಆ ಹೆಂಗಸು
ಏಪ್ರನ್ನಿನ ತುದಿಯಲ್ಲಿ ಕಣ್ಣೊರೆಸಿಕೊಂಡರು.
ನಾನೂ ಬಿಡಲಿಲ್ಲ. ಒಂದು ನಾಯಿ ಕೊಟ್ಟೆ ಅವನಿಗೆ,
ಅವರು ಅದಕ್ಕೆ ಕುಂಟುಗಾಲು ಕೊಟ್ಟರು.
ಅರ್ಧ ಗಂಟೆ ಇಬ್ಬರೂ ಸೇರಿ
ಒಬ್ಬ ಗಂಡಸನ್ನು ಸಾಕಿದೆವು.
ಯಾರ ಜೊತೆಗೂ ನಾನು ಇಷ್ಟು ನೆಮ್ಮದಿಯಾಗಿ
ಸುಳ್ಳು ಹೇಳಿರಲಿಲ್ಲ.

ಆಮೇಲೆ ಹಿಟ್ಟಿನ ಡಬ್ಬಿ. ಒಳಗಿಂದ ಕಟ್ಟು.
ಔಷಧದಂಗಡಿಯ ಕಾಗದ, ನೀಲಿ ದಾರ.
ಒಂದು ಮೂಲೆ ಬಿಚ್ಚಿ ನೂರರ ನೋಟು ತೋರಿಸಿ
ಮತ್ತೆ ಮಡಚಿದರು. ಎರಡೂ ಕೈಯಿಂದ
ನನ್ನ ಮಣಿಕಟ್ಟು ಹಿಡಿದು, “ಹುಷಾರು,
ಊರು ಮೊದಲಿನ ಹಾಗಿಲ್ಲ.”

ಬಸ್ಸಿನಲ್ಲಿ ಬಿಚ್ಚಿದೆ.
ಮೇಲೊಂದು ನೋಟು, ಅಸಲಿಯೇ.
ಕೆಳಗೆ ಕಸೂತಿ ಪತ್ರಿಕೆಯ ಹಾಳೆಗಳು,
ನೋಟಿನ ಅಳತೆಗೆ, ಅಂಚು ಕೂದಲೆಳೆ ಸೊಟ್ಟವಿಲ್ಲ:
ಅರ್ಧ ಗುಲಾಬಿ, ಹೆಣಿಗೆಯ ಲೆಕ್ಕ, ಮಗುವಿನ ಟೊಪ್ಪಿಗೆಯ ನಮೂನೆ.
ರಾತ್ರಿ ಫೋನಿಟ್ಟವರು
ದೀಪ ಹಚ್ಚಿಕೊಂಡು ಬೆಳಗಿನವರೆಗೆ ಕತ್ತರಿಸಿರಬೇಕು.
ಎಷ್ಟು ಹೊತ್ತು ಅಂತ ನೋಡಲು ಕೈ ಎತ್ತಿದರೆ
ಗಡಿಯಾರವಿರಲಿಲ್ಲ.
ಅದು ನನ್ನದೂ ಅಲ್ಲ ಅನ್ನಿ.

ನಕ್ಕೆ. ಪಕ್ಕದ ಸೀಟಿನವನು ಜಾಗ ಬದಲಿಸುವಷ್ಟು.

ಎವಾರಿಸ್ತೊ ನಗಲಿಲ್ಲ.
“ಚಳ್ಳೆಹಣ್ಣು ನನಗೇ ತಿನ್ನಿಸ್ತೀಯಾ?”
ಕೋಟಿನ ಒಳಪದರ ಹರಿದ, ಬೂಟು ಕೊಡವಿದ,
ಜಡೆಯೊಳಗೂ ಬೆರಳಾಡಿಸಿದ.
ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ,
ಮೊದಲ ಸಲ ಹೇಳುತ್ತಿದ್ದೆನಲ್ಲ, ತೊದಲಿದೆ.
ತೊದಲಿದ್ದು ನೋಡಿ ಅವನಿಗೆ ಖಾತ್ರಿಯಾಯಿತು.
ಹನ್ನೊಂದು ವರ್ಷದ ಜೊತೆಗಾರ
ಹರಿದ ಕೋಟನ್ನು ನನ್ನ ಮುಖಕ್ಕೆಸೆದು ಹೋದ.

ಈಗ ಬಸ್ ನಿಲ್ದಾಣದ ಫೋನು.
ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ.
ನಂಬರು ಬಾಯಿಪಾಠ, ಒತ್ತಿದೆ.
ಒಂದೇ ಗಂಟೆಗೆ ಎತ್ತಿದರು.
“ಅತ್ತೆ, ನಾನು.”

ಕೊಳವೆ ತಳಮುಟ್ಟಿ ಗೊರಗುಡುವ ಸದ್ದು.
ಅವರೇನೂ ಹೆಸರು ಹೇಳುತ್ತಿಲ್ಲ.
ನಾನೂ ಹೇಳಬಾರದು.
ಹಿಂದೆ ಯಾರೋ ಸಾಲಿನಲ್ಲಿ ಕೆಮ್ಮುತ್ತಿದ್ದಾರೆ.