ಎಡಗಡೆಯ ಗಂಟು

ಕಲಾಸಿಪಾಳ್ಯದಲ್ಲಿ ನನ್ನ ಕೆಲಸ ಆಟೋ ಟಾಪು ಹೊಲಿಯುವುದು.
ರೆಕ್ಸಿನ್ನು, ಕ್ಯಾನ್ವಾಸು, ಲಾರಿ ಟಾರ್ಪಾಲು.
ಒಂದು ಮಧ್ಯಾಹ್ನ ಬೆನೆಡಿಕ್ಟ್ ಸರ್ ಬಂದು
ಕಟ್ಟೆಯ ಮೇಲೆ ಹರಡಿದರು,
ಕಿತ್ತಳೆ ಬಣ್ಣದ, ಹರಿದ ಒಂದು ರೆಕ್ಕೆ.
ಇಷ್ಟು ಹಗುರ ಬಟ್ಟೆಯನ್ನು ನನ್ನ ಸೂಜಿ ಕಂಡಿರಲಿಲ್ಲ.
ಕೂಲಿ ಎಷ್ಟು ಅಂದರು.
ದುಡ್ಡು ಬೇಡ, ಕಲಿಸಿ ಅಂದೆ.

ಆರು ಭಾನುವಾರ ಹೆಸರಘಟ್ಟದ ಹುಲ್ಲಲ್ಲಿ ಓಡಿದೆ
ಮೂವತ್ತು ಕೆಜಿ ಹೆಗಲ ಮೇಲೆ,
ಬಿರುಗಾಳಿಗೆ ಕಿತ್ತ ತಗಡು ಶೀಟು ಹಿಡಿದವನ ಹಾಗೆ.
ಕಾಲು ನೆಲ ಬಿಟ್ಟದ್ದು ಒಂದು ಮೊಳ, ಎರಡು ಮೊಳ.
ಕುರಿ ಮೇಯಿಸುವ ಹುಡುಗರು ಎಣಿಸುತ್ತಿದ್ದರು,
ಬಿದ್ದದ್ದನ್ನು ಮಾತ್ರ.

ಏಳನೆಯ ಭಾನುವಾರ ಗುಡ್ಡ.
ದೊಡ್ಡಬಳ್ಳಾಪುರ ದಾಟಿ, ಇಮ್ತಿಯಾಜನ ಗೂಡ್ಸ್ ಆಟೋದಿಂದ
ಹಿಂದೆ ಮುಂದೆ ಚಾಚಿಕೊಂಡ ಉದ್ದನೆ ಮೂಟೆ.
ಟೋಲಿನವನು ಕೇಳಿದ: ಏನದು, ಶಾಮಿಯಾನಾನಾ?
ಹೂಂ ಅಂದ ಇಮ್ತಿಯಾಜ್, ಗಾಳಿಗೆ ಮದುವೆ.

ಬಂಡೆಯ ಅಂಚು. ಟೀ ಆರಿಸುವಷ್ಟು ಗಾಳಿ,
ಎದುರಿನಿಂದ, ಒಂದೇ ಸಮ.
ಕೊಂಡಿ ಸಿಕ್ಕಿಸಿದೆಯಾ? ಸಿಕ್ಕಿಸಿದೆ.
ತೂಗಿ ತೋರಿಸು. ತೂಗಿದೆ.
ಇನ್ನೊಂದು ಸಲ ನೋಡು. ನೋಡಿದೆ.
ಆಗಲೇ ನೆನಪಾದದ್ದು:
ಎಡಗಡೆ, ಮೂರನೆಯ ಪಟ್ಟಿಯಲ್ಲಿ,
ನಡುವೆ ದಾರ ಮುಗಿದಿತ್ತು. ಕರೆಂಟು ಬೇರೆ ಹೋಗಿತ್ತು.
ಬಿಚ್ಚಿ ಮೊದಲಿಂದ ಹೊಲಿಯಬೇಕಿತ್ತು;
ಗಂಟು ಹಾಕಿ ಮುಂದುವರಿಸಿದ್ದೆ.
ಆಟೋದಲ್ಲಾದರೆ ಅಂಥ ಗಂಟಿಂದ
ಹೆಚ್ಚೆಂದರೆ ಮಳೆ ಸೋರುತ್ತದೆ.

ಓಡು ಅಂದರು.

ಮೂರು ಹೆಜ್ಜೆ ನನ್ನವು,
ನಾಲ್ಕನೆಯದು ಅರ್ಧ ನನ್ನದು,
ಐದನೆಯದಕ್ಕೆ ನೆಲ ಇರಲಿಲ್ಲ.

ಕೂಗಿದೆನಂತೆ. ಏನು ಕೂಗಿದೆ ಅನ್ನುವುದನ್ನು
ಇಮ್ತಿಯಾಜ್ ನನ್ನ ಹೆಂಡತಿಯ ಎದುರು ಇವತ್ತಿಗೂ ಹೇಳುವುದಿಲ್ಲ.
ನಾನು ನೋಡಿದ್ದು ಗುಡ್ಡವನ್ನಲ್ಲ, ಕೆರೆಯನ್ನಲ್ಲ,
ಗಂಟನ್ನು.
ನೋಡಿದ ಕಡೆಗೇ ರೆಕ್ಕೆ ವಾಲಿತು, ಬಂಡೆಯ ಕಡೆಗೆ.
ರೇಡಿಯೋದಲ್ಲಿ ಸರ್: ಮುಂದೆ ನೋಡಪ್ಪಾ, ಮುಂದೆ!
ತೊಂಬತ್ತು ಸೆಕೆಂಡು ಇರಬೇಕು.
ಒಣಗಿದ ಕೆರೆಯಂಗಳದಲ್ಲಿ ಮೊಣಕಾಲ ಮೇಲೆ ಇಳಿದೆ,
ಬಾಯಿ ತುಂಬ ಮಣ್ಣು, ಮಣ್ಣಿನ ಜೊತೆ ನಗು.

ಎರಡನೆಯ ಸಲದ್ದು ಹೇಳುವುದಿಲ್ಲ.
ಒಂದು ಅಲ್ಯೂಮಿನಿಯಂ ಕೊಳವೆ ಬಾಗಿತು,
ಎರಡೂವರೆ ಸಾವಿರ.

ಆ ರಾತ್ರಿ ಸರ್‌ಗೆ ಗಂಟಿನ ಸಂಗತಿ ಹೇಳಿದೆ.
ಟಾರ್ಚು ಹಾಕಿ, ಎರಡೂ ಕೈಯಲ್ಲಿ ಎಳೆದು ನೋಡಿದರು,
ಮತ್ತೆ ಎಳೆದರು.
ಇದು ಬಿಗಿಯಾಗೇ ಇದೆ. ಬಿಗಿ ಇರಬೇಕಾದ್ದೂ ಇದೇ,
ನಿನ್ನ ಕೈಯಲ್ಲ.

ಮೂರನೆಯ ಸಲ ಬೆರಳು ಸಡಿಲ ಬಿಟ್ಟೆ.
ಮಿಷನ್ನಿನ ಕೆಳಗೆ ಬಟ್ಟೆ ಬಿಡುವ ಹಾಗೆ:
ಎಳೆಯಬಾರದು, ನೂಕಬಾರದು,
ದಾರಿ ತೋರಿಸಬೇಕು ಅಷ್ಟೆ.
ಇಪ್ಪತ್ತು ವರ್ಷ ಎಷ್ಟು ಹುಡುಗರಿಗೆ ಬೈದು ಕಲಿಸಿದ್ದೆ ಇದನ್ನೇ.

ಬಲಗಡೆ ಏನೋ ಬೆಚ್ಚಗೆ ಎತ್ತಿತು.
ಅದರ ಕಡೆಗೇ ತಿರುಗಿದೆ, ಮತ್ತೆ ತಿರುಗಿದೆ,
ಗುಡ್ಡದ ನೆತ್ತಿ ಕೆಳಗೆ ಜಾರಿತು.
ನನಗಿಂತ ಕೆಳಗೆ ಒಂದು ಹದ್ದು.
ಹದ್ದಿಗೂ ಬೆನ್ನಿದೆ ಎಂದು
ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.
ದಕ್ಷಿಣಕ್ಕೆ ಬೆಂಗಳೂರು,
ಕಾಫಿ ಚೆಲ್ಲಿ ಯಾರೋ ಒರೆಸದೆ ಬಿಟ್ಟ ಕಲೆ.
ಅದರೊಳಗೆಲ್ಲೋ ಹತ್ತಡಿ ಎಂಟಡಿ,
ಶಟರ್ ಎಳೆದ ನನ್ನ ಅಂಗಡಿ.

ಹನ್ನೊಂದು ನಿಮಿಷ.
ಗಂಟು ನೋಡುವುದು ಮರೆತೇ ಹೋಗಿತ್ತು,
ನೆಲಕ್ಕೆ ಕಾಲಿಟ್ಟ ಮೇಲೆ ನೆನಪಾಯಿತು.

ಸೋಮವಾರ ಬೆಳಿಗ್ಗೆ ಒಬ್ಬ ಟಾಪು ಹೊತ್ತು ತಂದ.
ಹೆಬ್ಬಾಳ ಫ್ಲೈಓವರ್ ಮೇಲೆ ಪಟಪಟ ಅಂತದೆ ಗುರು,
ಗಾಳಿಗೆ ಹಾರದ ಹಾಗೆ ಹೊಲಿ.
ಹೂಂ ಅಂದೆ.
ದಾರ ಪೋಣಿಸುವಾಗ ಕೈ ಎರಡು ಸಲ ತಪ್ಪಿತು.
ಅಂಗೈಯ ಬೊಬ್ಬೆ ಇನ್ನೂ ಒಡೆದಿರಲಿಲ್ಲ.