ಕಾದದ್ದು

ನೈಟ್ರೋಜನ್ ಮುಗಿದಿತ್ತು. ದನದ ದವಾಖಾನಿಗೆ ಹೋಗಿ
ಹೋರಿಬೀಜ ಇಡುವ ಕ್ಯಾನಿನಿಂದ ಅರ್ಧ ಸಾಲ ತಂದೆ.
"ಎಮ್ಮಿಗೇನ್ರಿ ಮೇಡಂ, ಆಕಳಿಗೇನ್ರಿ?" ಖಾಜಾಮಿಯಾ ಕೇಳಿದ.
"ತಾಮ್ರಕ್ಕ" ಅಂದೆ. ಅಂವ ನಗಲಿಲ್ಲ.
ಸ್ಕೂಟರಿನ ಕಾಲ ಬಳಿ ಕ್ಯಾನಿಟ್ಟು, ಅಲುಗದಂತೆ
ಎರಡು ಕಡೆ ಗೋಣಿಚೀಲ ತುರುಕಿ ಕಳಿಸಿದ.

ಕಲಬುರಗಿಯ ಮೇ ತಿಂಗಳು, ನಲವತ್ಮೂರು ಡಿಗ್ರಿ.
ಬೇವಿನ ನೆರಳು ಸಹ ಬೇವಿನ ಬುಡಕ್ಕೆ ಅಂಟಿಕೊಂಡಿದೆ.
ಲ್ಯಾಬಿನೊಳಗೆ ಉಗುರಿನಷ್ಟು ತಾಮ್ರ,
ಅದರಲ್ಲಿ ಬೇಳೆಯೊಳಗಿನ ಹರಳಿನ ಹಾಗೆ
ಎಲ್ಲೆಂದರಲ್ಲಿ ಬಿದ್ದ ಮ್ಯಾಂಗನೀಸ್.

ಒಂದೊಂದು ಹರಳೂ ಒಂದೊಂದು ಸೂಜಿ.
ಪಕ್ಕದವನು ಅನ್ನುತ್ತಾನೆ: ನನ್ನ ಹಾಗೆ ನಿಲ್ಲು.
ಆಚೆಯವನು: ನನಗೆ ಬೆನ್ನು ಹಾಕಿ ನಿಲ್ಲು.
ಇಬ್ಬರದೂ ಖರೆ.
ಮೂವರಲ್ಲಿ ಪ್ರತಿಯೊಬ್ಬನೂ ಉಳಿದಿಬ್ಬರಿಗೆ ಎದುರಾಗಬೇಕೆಂದರೆ
ಮೂರನೆಯವನ ಮುಖ ಯಾವ ಕಡೆ?
ಪುಸ್ತಕ ಇದಕ್ಕೆ ಹತಾಶೆ ಅನ್ನುತ್ತದೆ.
ನನಗದು ಒಗ್ಗಿಲ್ಲ.

ಅಪ್ಪ ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ.
ಸೊಲ್ಲಾಪುರದ್ದು, ರಾಯಚೂರಿನದು, ಸಿಕಂದರಾಬಾದಿನದು,
ಮೂರು ದಾರಿ ಕೂಡುವಲ್ಲಿ ಒಂದಕ್ಕೆ ಹಸಿರು ಕೊಟ್ಟರೆ
ಇನ್ನೊಂದು ಔಟರಿನಲ್ಲಿ ನಿಂತೇ ನಿಲ್ಲುತ್ತಿತ್ತು,
ಕಿಟಕಿಯಿಂದ ಮಂದಿ ಅಪ್ಪನನ್ನೇ ಬೈಯುತ್ತಿದ್ದರು.
"ತಪ್ಪು ಯಾರದೂ ಇರಲ್ಲವ್ವಾ, ಹಳಿ ಕೂಡಿದ್ದೇ ಹಂಗ ಅದ"
ರೆಪ್ಪೆಯ ಮೇಲಿನ ಸಿಮೆಂಟ್ ಧೂಳು ಒರೆಸಿಕೊಳ್ಳುತ್ತ ಅನ್ನುತ್ತಿದ್ದ.

ತಣ್ಣಗೆ ಮಾಡುತ್ತ ಹೋದೆ.
ಎಲ್ಲರೂ ಒಂದೇ ದಿಕ್ಕಿಗೆ ತಿರುಗಲಿಲ್ಲ,
ಸಾಲಾಗಿ ಅತ್ತ ಒಬ್ಬ ಇತ್ತ ಒಬ್ಬನಾಗಿಯೂ ನಿಲ್ಲಲಿಲ್ಲ.
ಯಾರು ಎತ್ತ ನೋಡುತ್ತಿದ್ದರೋ ಅತ್ತಲೇ ಹೆಪ್ಪುಗಟ್ಟಿದರು,
ಮಾತು ಅರ್ಧಕ್ಕೆ ನಿಂತ ಪಂಚಾಯ್ತಿ.

ಸೊನ್ನೆಗಿಂತ ನೂರಾ ಎಪ್ಪತ್ತು ಕೆಳಗೆ ಬಂದಾಗ ಕರೆಂಟು ಹೋಯಿತು.
ಇನ್ವರ್ಟರ್ ಅಷ್ಟಕ್ಕೇ ಹಿಡಿದು ನಿಲ್ಲಿಸಿತು, ಮುಂದೆ ಬಿಡಲಿಲ್ಲ.
ಮೂರು ತಾಸು.
ಕಟಿರೊಟ್ಟಿ ಮುರಿದು ಶೇಂಗಾ ಹಿಂಡಿಯೊಡನೆ ತಿಂದೆ,
ಕ್ಯಾಲೆಂಡರಿನಿಂದ ಗಾಳಿ ಬೀಸಿಕೊಂಡೆ.
ನೋಟ್‌ಬುಕ್ಕಿನಲ್ಲಿ ಬರೆಯುವುದು ಮರೆತೆ.
ಕರೆಂಟು ಬಂದ ಮೇಲೆ ತಳಕ್ಕೆ ಇಳಿಸಿದೆ.

ರಾತ್ರಿ ಹನ್ನೊಂದಕ್ಕೆ ಮೆಲ್ಲಗೆ ಬಿಸಿ ಮಾಡುತ್ತ ಬಂದರೆ
ಏರುತ್ತಿದ್ದ ಗೆರೆ ಅದೇ ನೂರಾ ಎಪ್ಪತ್ತರಲ್ಲಿ
ತುಸು ಕುಸಿದು, ಮತ್ತೆ ಎದ್ದಿತು.
ನಾನು ಬರೆಯದ್ದನ್ನು ಅದು ಇಟ್ಟುಕೊಂಡಿತ್ತು.
ಹೊರಗಿನಿಂದ ಸುಮ್ಮನೆ ನಿಂತಂತೆ ಕಂಡ ಆ ಮೂರು ತಾಸು
ಒಳಗೆ ಒಬ್ಬರಿಗೊಬ್ಬರು ಕೂದಲೆಳೆಯಷ್ಟು ಸರಿದು ಕೂತಿದ್ದರು.
ಇನ್ನೂ ಬಿಸಿ ಏರಿಸಿದೆ. ಅದೂ ಅಳಿಸಿಹೋಯಿತು.

ನಮ್ಮ ಮಾತಿನಲ್ಲಿ ಹಂಚೂ ಕಾಯುತ್ತದೆ, ಮನುಷ್ಯರೂ ಕಾಯುತ್ತಾರೆ.
ಯಾರು ಕೂಡಿಸಿದರೋ ಈ ಎರಡನ್ನು ಒಂದೇ ಪದದಲ್ಲಿ,
ಲ್ಯಾಬು ನೋಡಿದವರಂತೂ ಅಲ್ಲ.

ನೌಕರಿ ಮುಗಿದು ನಾಲ್ಕು ವರ್ಷವಾದ ಮೇಲೆ
ಅಪ್ಪನೊಡನೆ ರಾಯಚೂರಿಗೆ ಹೊರಟಿದ್ದೆ.
ಬಾಯಿ ತೆರೆದು ಮಲಗಿದ್ದ, ಶಹಾಬಾದ ಬಂದದ್ದೂ ಗೊತ್ತಿಲ್ಲ.
ಅಂದು ಯಾಕೋ ನಮಗೆ ಹಸಿರೇ ಇತ್ತು,
ಗಾಡಿ ವಾಡಿಯ ಔಟರಿನಲ್ಲಿ ನಿಲ್ಲದೆ ಹಾಯ್ದು ಹೋಯಿತು.
ಅಪ್ಪ ಕಣ್ಣು ಬಿಡಲಿಲ್ಲ.
ಬಲಗೈ ಮಾತ್ರ, ಕಂದೀಲು ಹಿಡಿದಂತೆ,
ಒಂದು ಗೇಣು ಮೇಲೆದ್ದು ಇಳಿಯಿತು.